ಹುಕುಂ, ಮಸೂದೆ, ಕಾಯ್ದೆ: ಮನೆಮಾತಿನಿಂದ ಕಚೇರಿಯವರೆಗೆ



ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳಿದಳು: “ಸರ್, ಪೇಪರಲ್ಲಿ ‘ಬಗರ್ ಹುಕುಂ ಸಮಿತಿ’ ಅಂತ ಬರುತ್ತಲ್ಲ, ನಮ್ಮ ಮನೆಮಾತಲ್ಲಿ ಬಗೈರ್ ಅಂದ್ರೆ ‘ಇಲ್ಲದೆ’. ಹುಕುಂ ಇಲ್ಲದ ಸಮಿತಿ ಏನು ಮಾಡುತ್ತೆ?” ತರಗತಿ ನಕ್ಕಿತು. ಆದರೆ ಅವಳ ದಾದಾ ಮಾಗಡಿ ಕಡೆ ಅಂಥದೇ ಜಮೀನಿನಲ್ಲಿ ರಾಗಿ ಬೆಳೆಯುತ್ತಾರೆ. ಅರ್ಜಿಯ ರಸೀದಿಯನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಆದ್ದರಿಂದ ಪ್ರಶ್ನೆ ತಮಾಷೆಯದಲ್ಲ.

ಹುಕುಂ ಅರಬ್ಬೀ ಪದ. ತೀರ್ಪು, ಆಜ್ಞೆ ಎಂದು ಅರ್ಥ. ಹಾಕಿಮ್, ಹುಕೂಮತ್, ವಿವೇಕ ಎಂಬರ್ಥದ ಹಿಕ್ಮತ್, ಊರಿನ ಹಕೀಮ್ ಸಾಹೇಬರು, ಎಲ್ಲವೂ ಅದೇ ಧಾತುವಿನವು. ದೀನಿಯಾತ್ ಪಾಠದಲ್ಲಿ ನೀವು ಕೇಳುವ ‘ಅಹ್ಕಾಮ್’ ಇದರ ಬಹುವಚನ. ಕನ್ನಡಕ್ಕೆ ಬಂದಾಗ ಇದಕ್ಕೆ ಸ್ವಲ್ಪ ದರ್ಪ ಅಂಟಿಕೊಂಡಿತು. “ನಿನ್ನ ಹುಕುಂ ಇಲ್ಲಿ ನಡೆಯಲ್ಲ” ಎನ್ನುತ್ತೇವೆ. “ನಿನ್ನ ಆದೇಶ ನಡೆಯಲ್ಲ” ಎಂದರೆ ಜಗಳಕ್ಕೆ ಕಾವೇ ಬರುವುದಿಲ್ಲ.

ಕಂದಾಯ ಇಲಾಖೆಯಲ್ಲಿ ಮಾತ್ರ ಆ ಪದ ಹಳೆಯ ಅರ್ಥದಲ್ಲೇ ಉಳಿದಿದೆ. ಸರ್ಕಾರಿ ಜಮೀನನ್ನು ಮಂಜೂರಾತಿಯ ಆದೇಶವಿಲ್ಲದೆ ಉಳುತ್ತಿದ್ದರೆ ಅದು ಬಗರ್ ಹುಕುಂ ಸಾಗುವಳಿ. ಅದನ್ನು ಸಕ್ರಮಗೊಳಿಸಲು 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದಲ್ಲಿ 94ಎ ಕಲಂ ಇದೆ. ನಮೂನೆ 50, 53, 57 ಎಂದು ಹಳ್ಳಿಗಳಲ್ಲಿ ಮಾತಾಡುವುದು ಈ ಅರ್ಜಿಗಳ ಬಗ್ಗೆಯೇ. ಶಾಸಕರೂ ಇರುವ ಸಮಿತಿ ಅರ್ಜಿಗಳನ್ನು ನೋಡುತ್ತದೆ. ತಹಶೀಲ್ದಾರರು ಅದರ ಕಾರ್ಯದರ್ಶಿ. ಅಂದರೆ ಹುಕುಂ ಇಲ್ಲದವರಿಗೆ ಹುಕುಂ ಕೊಡಿಸಬಹುದಾದ ಸಮಿತಿ! ಬೆಂಗಳೂರು ನಗರದ ಎಲ್ಲೆಯಿಂದ 18 ಕಿ.ಮೀ. ಒಳಗಿನ ಜಮೀನಿಗೆ ಈ ಸಕ್ರಮ ಅನ್ವಯಿಸದು ಎಂಬುದನ್ನು ಕೆಂಗೇರಿಯ ಆಚೆ ನೆಂಟರಿರುವವರು ತಿಳಿದಿರಬೇಕು. ಮಂಜೂರಾದವರಿಗೆ ಸಿಗುವುದು ಸಾಗುವಳಿ ಚೀಟಿ. ಅರ್ಜಿಯ ರಸೀದಿ ಹುಕುಂ ಆಗುವುದಿಲ್ಲ. ಅವಳಿಗೆ ಇದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ.

ಇನ್ನು ‘ಮಸೂದೆ’. ನನಗೆ ಬಹಳ ಇಷ್ಟವಾದ ಪದ. ಅರಬ್ಬಿಯಲ್ಲಿ ಅಸ್ವದ್ ಎಂದರೆ ಕಪ್ಪು. ಹಜ್ರೆ ಅಸ್ವದ್ ನಿಮಗೆಲ್ಲ ಗೊತ್ತು. ಮಸಿಯಿಂದ ಕಪ್ಪು ಮಾಡಿದ ಕರಡು ಕಾಗದವೇ ಮುಸವ್ವದಾ, ಕನ್ನಡದ ಮಸೂದೆ. ಕರಡು ಎಂದ ಮೇಲೆ ಅದನ್ನು ತಿದ್ದಬಹುದು, ಹರಿಯಬಹುದು. ಸದನದಲ್ಲಿ ಮಂಡನೆಯಾದ ದಿನವೇ “ಹೊಸ ಕಾನೂನು ಬಂತು” ಎಂದು ವಾಟ್ಸಾಪಿನಲ್ಲಿ ಹೆದರಿಸುವವರು ಈ ಪದದ ಅರ್ಥವನ್ನೊಮ್ಮೆ ನೋಡಬೇಕು.

ನಮ್ಮ ರಾಜಾಜಿನಗರ, ವಿಜಯನಗರದ ಅಂಗಡಿ ಬೋರ್ಡುಗಳನ್ನೇ ನೋಡಿ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ರಾಜ್ಯ ಸಚಿವ ಸಂಪುಟ 2024ರ ಜನವರಿಯಲ್ಲಿ ಸುಗ್ರೀವಾಜ್ಞೆಗೆ ಒಪ್ಪಿತು. ರಾಜ್ಯಪಾಲರು ಸಹಿ ಹಾಕದೆ, ಸದನದಲ್ಲೇ ತನ್ನಿ ಎಂದು ಹಿಂದಿರುಗಿಸಿದರು. ಫೆಬ್ರವರಿಯಲ್ಲಿ ಅದು ಮಸೂದೆಯಾಗಿ ಬಂದು ಅಂಗೀಕಾರವಾಯಿತು. ಒಂದೇ ವಿಷಯಕ್ಕೆ ಎರಡು ತಿಂಗಳಲ್ಲಿ ಎರಡು ಹೆಸರು!

ಸುಗ್ರೀವಾಜ್ಞೆ ರಾಮಾಯಣದಿಂದ ಬಂದದ್ದು. ಸೀತೆಯನ್ನು ಹುಡುಕಿ ತಿಂಗಳೊಳಗೆ ಬನ್ನಿ, ಇಲ್ಲವಾದರೆ ಮರಣದಂಡನೆ ಎಂದು ಸುಗ್ರೀವ ವಾನರರಿಗೆ ಆಜ್ಞೆ ಮಾಡಿದ್ದ. ಸಂವಿಧಾನದ 213ನೇ ವಿಧಿಯಲ್ಲಿ ಗಡುವು ಆಜ್ಞೆಗೇ ಇದೆ: ಸದನ ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಅದು ಬಿದ್ದುಹೋಗುತ್ತದೆ. ಪರೀಕ್ಷೆಯಲ್ಲಿ ‘ಅಧ್ಯಾದೇಶ’ ಎಂದಿದ್ದರೂ ಗಾಬರಿ ಬೇಡ, ಎರಡೂ ಒಂದೇ.

ಕಾಯ್ದೆ ಯಾವುದೆಂದು ಕೇಳುತ್ತೀರಾ? ಚಿಕ್ಕಂದಿನಲ್ಲಿ ಅಲಿಫ್, ಬೇ ಕಲಿತ ಖಾಯಿದಾ ಪುಸ್ತಕದ್ದೇ ಹೆಸರು. ಅಡಿಪಾಯ, ನಿಯಮ ಎಂದರ್ಥ. ಪತ್ರಿಕೆಗಳು ಕಾಯ್ದೆ ಎಂದು ಬರೆಯುವುದನ್ನು ರಾಜ್ಯಪತ್ರ ಅಧಿನಿಯಮ ಎಂದು ಅಚ್ಚು ಹಾಕುತ್ತದೆ. ಕಾನೂನು ಇವೆಲ್ಲಕ್ಕಿಂತ ವಿಶಾಲ. ಗ್ರೀಕರ ‘ಕಾನೋನ್’, ಅಂದರೆ ಅಳತೆಗೋಲು, ಅರಬ್ಬಿಯ ದಾರಿಯಾಗಿ ನಮ್ಮಲ್ಲಿಗೆ ಬಂತು. ಸಂವಿಧಾನದ 13ನೇ ವಿಧಿಯಂತೆ ಆದೇಶ, ಅಧಿಸೂಚನೆ, ಕಾನೂನಿನ ಬಲವಿರುವ ರೂಢಿ ಕೂಡ ಅದರೊಳಗೆ ಸೇರುತ್ತವೆ.

ಮುಂದಿನ ಸಂಚಿಕೆಗೆ ‘ಜಮಾಬಂದಿ’. ಅಷ್ಟರಲ್ಲಿ ಮನೆಯಲ್ಲಿರುವ ಒಂದು ಹಳೆಯ ಕಂದಾಯ ರಸೀದಿಯನ್ನು ಓದಿ, ತಿಳಿಯದ ಪದಗಳನ್ನು ಬರೆದು ತನ್ನಿ.