ನಾಲ್ಕು ಪವನಿನ ಸರ

"ಹೆಂಗಸರಿಗೆ ಐದು ಪವನು ಫ್ರೀ ಮಾರಾಯ್ತಿ, ನೀನು ಎಂತದಕ್ಕೆ ಹೆದರುವುದು?"

2023ರ ಮೇ ತಿಂಗಳಲ್ಲಿ ಫೋನಿನಲ್ಲಿ ಹೀಗೆ ಹೇಳಿದವರು ನಮ್ಮ ಭಾವ. ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವರು. ಪಾಸ್‌ಪೋರ್ಟಿನಿಂದ ಹಿಡಿದು ಖರ್ಜೂರದವರೆಗೆ ನಮ್ಮ ಕುಟುಂಬದಲ್ಲಿ ಅವರದೇ ಕೊನೆಯ ಮಾತು. ನಾನೋ ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ತೆರಿಗೆ ಎಂದರೇನು, ಪ್ರಜೆಯ ಕರ್ತವ್ಯಗಳೇನು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ನಿಯಮ ಏನಿದೆ ಎಂದು ಒಮ್ಮೆ ನೋಡಲಿಲ್ಲ. ಭಾವ ಹೇಳಿದ್ದಾರಲ್ಲ!

ಮಗಳ ಬಾಣಂತನಕ್ಕೆ ಶಾರ್ಜಾಕ್ಕೆ ಹೋಗಿದ್ದೆ. ಮೂರು ತಿಂಗಳು ತುಂಬಲು ಎರಡು ದಿನ ಬಾಕಿ ಇರುವಾಗ ಹೊರಟೆ. ಊರಿನಲ್ಲಿ ಮಗನ ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಬರುವ ಸೊಸೆಗೆಂದು ಮಗಳು, ಅಳಿಯ, ನಾನು ಮೂವರೂ ಸೇರಿ ದುಬೈನ ದೇರಾ ಚಿನ್ನದ ಪೇಟೆಯಲ್ಲಿ ಒಂದು ಸರ ಕೊಂಡೆವು. 32 ಗ್ರಾಂ, ಅಂದರೆ ಸರಿಯಾಗಿ ನಾಲ್ಕು ಪವನು. ಐದರ ಒಳಗೇ ಇದೆ ಎಂದು ಧೈರ್ಯ. ಹೊರಡುವಾಗ ದುಬೈ ನಿಲ್ದಾಣದಲ್ಲಿ ಪ್ರವಾಸಿಗರಿಗೆ ವಾಪಸು ಕೊಡುವ ವ್ಯಾಟ್ ಕೂಡ ಕೇಳಿ ಪಡೆದೆ. ಅಲ್ಲಿ ವ್ಯಾಟ್ ಶೇ 5. ಆ ದುಡ್ಡನ್ನು ಪರ್ಸಿಗೆ ಹಾಕಿಕೊಳ್ಳುವಾಗ ನನಗಿಂತ ಬುದ್ಧಿವಂತೆ ಇಲ್ಲ ಅನ್ನಿಸಿತ್ತು. ಬಿಲ್ಲನ್ನು ಮಡಚಿ ಕೈಚೀಲದ ಒಳ ಜಿಪ್ಪಿನಲ್ಲಿಟ್ಟೆ, ಬೀಗರಿಗೆ ತೋರಿಸಬೇಕಿತ್ತು ನೋಡಿ.

ಯಾವ ನಿಲ್ದಾಣದಲ್ಲಿ ಇಳಿದೆ ಎಂದು ಬರೆಯುವುದಿಲ್ಲ. ಬೆಳಗಿನ ಜಾವ ಮೂರೂವರೆ. ಸರವನ್ನು ಕುತ್ತಿಗೆಗೆ ಹಾಕಿ ಸೆರಗು ಹೊದ್ದುಕೊಂಡಿದ್ದೆ. ಅದರ ಜೊತೆ ನನ್ನ ಕರಿಮಣಿ, ಕೈಯಲ್ಲಿ ಎರಡೆರಡು ಬಳೆ. ಅವು ನಾನು ಇಲ್ಲಿಂದ ಹೋಗುವಾಗಲೂ ಹಾಕಿಕೊಂಡಿದ್ದವು. ರೆಡ್ ಚಾನೆಲ್‌ನಲ್ಲಿ ಒಬ್ಬರೂ ಇರಲಿಲ್ಲ, ಗ್ರೀನ್ ಚಾನೆಲ್‌ನಲ್ಲಿ ಇಡೀ ವಿಮಾನವೇ ಇತ್ತು. ನಾನೂ ಹಿಂಡಿನೊಂದಿಗೆ ನಡೆದೆ.

"ಮ್ಯಾಡಂ, ಗೋಲ್ಡ್ ಹೈ ಕ್ಯಾ?"

ಚಿಕ್ಕ ವಯಸ್ಸಿನ ಅಧಿಕಾರಿಣಿ. ನನ್ನ ಹಳೆಯ ವಿದ್ಯಾರ್ಥಿನಿಯರಷ್ಟೇ ಪ್ರಾಯ ಇರಬೇಕು. ಆ ಕ್ಷಣದಲ್ಲೂ ನಾನು ಬಚಾವಾಗಬಹುದಿತ್ತು. "ಹೌದು, ಒಂದು ಸರ ಕೊಂಡಿದ್ದೇನೆ" ಎಂದಿದ್ದರೆ ಸಾಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಮೈಮೇಲೆ ಇರುವುದಷ್ಟೇ, ಎಲ್ಲ ಇಲ್ಲಿಂದಲೇ ಹಾಕಿಕೊಂಡು ಹೋದದ್ದು" ಎಂಬ ಮಾತು. ಹರಕು ಹಿಂದಿಯಲ್ಲಿ ಹೇಳಿದೆ. ಹೇಳುವಾಗ ಸೆರಗು ಸರಿಮಾಡಿಕೊಂಡೆ. ಅವಳ ಕಣ್ಣು ಸೆರಗಿನ ಮೇಲೆಯೇ ನಿಂತಿತು.

ಪಕ್ಕದ ಕೋಣೆಗೆ ಕರೆದಳು. ಕೈಚೀಲ ತೆರೆದಳು. ನನ್ನ ಬಿಪಿ ಮಾತ್ರೆ, ಮೊಮ್ಮಗನ ಒಂದು ಕಾಲುಚೀಲ (ಅದು ಹೇಗೆ ಬಂದಿತ್ತೋ), ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ ಎಲ್ಲ ಮೇಜಿನ ಮೇಲೆ ಸಾಲಾಗಿ ಬಂದವು. ಕೊನೆಗೆ ಒಳ ಜಿಪ್ಪು. ಬಿಲ್ಲನ್ನು ಬಿಡಿಸಿ ಓದಿದಳು. ತಾರೀಕು ಒಂಬತ್ತು ದಿನದ ಹಿಂದಿನದು. ಜೊತೆಗೇ ವ್ಯಾಟ್ ವಾಪಸು ಪಡೆದ ಚೀಟಿ. ಅವಳು ಏನೂ ಅನ್ನಲಿಲ್ಲ, ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಕಾಪಿ ಚೀಟಿ ಸಿಕ್ಕಿದಾಗ ನಾನು ಮಕ್ಕಳ ಮುಂದೆ ಮಾಡುತ್ತಿದ್ದದ್ದೂ ಅದನ್ನೇ.

ಮುಂದಿನದೇ ಘೋರ. ಸರದ ವಿಷಯದಲ್ಲಿ ಸುಳ್ಳು ಹೇಳಿದವಳು ಬಳೆಯ ವಿಷಯದಲ್ಲಿ ನಿಜ ಹೇಳುತ್ತಾಳೆ ಎಂದು ಯಾರು ನಂಬುತ್ತಾರೆ? "ಬಳೆಯೂ ಅಲ್ಲಿಯದೇ, ತೆಗೆಯಿರಿ" ಎಂದ ಇನ್ನೊಬ್ಬ ಅಧಿಕಾರಿ. ಇವನ ದನಿ ಮಾತ್ರ ಇಂದಿಗೂ ಕಿವಿಯಲ್ಲಿದೆ. ಕಳ್ಳರ ಜೊತೆ ಮಾತಾಡಿ ಮಾತಾಡಿ ಉಳಿದವರ ಜೊತೆ ಮಾತಾಡುವುದನ್ನೇ ಮರೆತವನ ದನಿ ಅದು. ಆ ಬಳೆಗಳು ಹದಿನಾಲ್ಕು ವರ್ಷದಿಂದ ನನ್ನ ಕೈಬಿಟ್ಟು ಬಂದಿರಲಿಲ್ಲ. ನಾನು ದಪ್ಪಗಾದೆ, ಅವು ದಪ್ಪಗಾಗಲಿಲ್ಲ. ಕೆಲಸದ ಹೆಂಗಸೊಬ್ಬಳನ್ನು ಜೊತೆ ಮಾಡಿ ಶೌಚಾಲಯಕ್ಕೆ ಕಳಿಸಿದರು. ಬೇಸಿನ್ನಿನ ಮೇಲೆ ಕೈ ಚಾಚಿ ನಿಂತೆ, ಅವಳು ಸೋಪಿನ ನೀರು ಹಾಕಿ ತಿರುಚಿದಳು. ಎಲುಬಿನ ಹತ್ತಿರ ಬಂದು ಸಿಕ್ಕಿಬಿದ್ದವು. ಚರ್ಮ ಕೆಂಪಾಯಿತು. "ಬರುವುದಿಲ್ಲ ಅಮ್ಮ, ಬಿಡಿ" ಎಂದು ಅವಳೇ ಪಿಸುಗುಟ್ಟಿದಳು. ಆ ಕನ್ನಡ ಕೇಳಿದ್ದೇ ತಡ, ಅಳು ಬಂತು. ಬಾಣಂತನದಲ್ಲಿ ನಿದ್ದೆಗೆಟ್ಟ ಮೂರು ತಿಂಗಳ ಅಳುವೂ ಅದರಲ್ಲಿ ಸೇರಿತ್ತೋ ಏನೋ.

ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ನಮ್ಮ ಯಜಮಾನರಿಗೆ ಫೋನ್ ಮಾಡಲು ಬಿಟ್ಟರು. ಅವರು ಮನೆಗೆ ಫೋನ್ ಮಾಡಿ ಮಗನನ್ನು ಎಬ್ಬಿಸಿ, 2009ರಲ್ಲಿ ನನ್ನ ತಂಗಿಯ ಧಾರೆಯ ದಿನ ತೆಗೆದ, ಇದೇ ಬಳೆಗಳು ಕಾಣುವ ಫೋಟೋವನ್ನು ಆಲ್ಬಮಿನಿಂದಲೇ ಮೊಬೈಲಿನಲ್ಲಿ ಕ್ಲಿಕ್ ಮಾಡಿಸಿ ಕಳಿಸಿದರು. ಆ ಹುಡುಗಿ ಅಧಿಕಾರಿಣಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಆಮೇಲೆ ನನ್ನ ಮಣಿಕಟ್ಟಿನ ಸುತ್ತ ಕೂತಿದ್ದ ಬಿಳಿ ಗುರುತನ್ನೂ ನೋಡಿದಳು. ಬಳೆ ಉಳಿಯಿತು. ಸರ ಉಳಿಯಲಿಲ್ಲ.

ಒಂದು ಅಚ್ಚಾದ ಹಾಳೆ ಕೊಟ್ಟು ಸಹಿ ಮಾಡಿ ಎಂದರು. ಮಾಡಿದೆ. ನನಗೆ ಶೋಕಾಸ್ ನೋಟಿಸ್ ಬೇಡ, ವಿಚಾರಣೆಯೂ ಬೇಡ ಎಂದು ನಾನೇ ಬರೆದುಕೊಟ್ಟ ಹಾಗೆ ಆ ಹಾಳೆಯಲ್ಲಿ ಇತ್ತೆಂದು ತಿಳಿದದ್ದು ಎರಡು ವಾರದ ನಂತರ, ವಕೀಲರ ಮುಂದೆ ಕೂತಾಗ. ಪ್ರಶ್ನೆಪತ್ರಿಕೆ ಪೂರ್ತಿ ಓದಿ ಆಮೇಲೆ ಪೆನ್ನು ಹಿಡಿಯಿರಿ ಎಂದು ಮೂವತ್ತೊಂದು ವರ್ಷ ಹೇಳಿದವಳು ನಾನು.

ಈಗ ಭಾವನ ಐದು ಪವನಿನ ಕತೆಗೆ ಬರುತ್ತೇನೆ. 2016ರ ಬ್ಯಾಗೇಜ್ ನಿಯಮದಲ್ಲಿ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣಕ್ಕೆ ಸುಂಕವಿಲ್ಲ ಎಂದು ಇದ್ದದ್ದು ನಿಜ. ಆದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿದ್ದವರಿಗೆ ಮಾತ್ರ. ಬಾಣಂತನಕ್ಕೆ ಹೋಗಿಬಂದ ಅಮ್ಮಂದಿರಿಗೆ ಅಲ್ಲ. ಅದೂ ಹೆಂಗಸರಿಗೆ ಒಂದು ಲಕ್ಷ, ಗಂಡಸರಿಗೆ 50 ಸಾವಿರ ರೂಪಾಯಿ ಬೆಲೆಯ ಒಳಗೆ. ಆಗಿನ ದರಕ್ಕೆ ಒಂದು ಲಕ್ಷಕ್ಕೆ ಎರಡೂವರೆ ಪವನೂ ಬರುತ್ತಿರಲಿಲ್ಲ. ಭಾವನ ಕಾಲದಲ್ಲಿ ಭಾವನಿಗೆ ಸರಿಹೋದದ್ದು ನನಗೆ ಯಾವ ಲೆಕ್ಕದಲ್ಲೂ ಸಲ್ಲುತ್ತಿರಲಿಲ್ಲ. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮದಲ್ಲಿ ಬೆಲೆಯ ಮಿತಿ ಹೋಗಿ ತೂಕವಷ್ಟೇ ಉಳಿದಿದೆ, ಉಳಿದ ಸಾಮಾನುಗಳ ಮಿತಿ 50 ಸಾವಿರದಿಂದ 75 ಸಾವಿರಕ್ಕೆ ಏರಿದೆ. ಆಭರಣಕ್ಕೆ ಒಂದು ವರ್ಷದ ಷರತ್ತು ಮಾತ್ರ ಹಾಗೇ ಇದೆ. ಮದುವೆ ಮನೆಗಳಲ್ಲಿ "ಐದು ಪವನು ಫ್ರೀ" ಎನ್ನುವ ಮಾತೂ ಹಾಗೇ ಇದೆ.

ನನ್ನ ಲೆಕ್ಕ ಹೀಗಾಯಿತು. ಸರಕ್ಕೆ ಅವರು ಕಟ್ಟಿದ ಬೆಲೆ 1,70,000. ಶೇ 38.5ರಂತೆ ಸುಂಕ 65,450. ಬಿಡಿಸಿಕೊಳ್ಳಲು ದಂಡ 20,000, ಸುಳ್ಳು ಹೇಳಿದ್ದಕ್ಕೆ ಇನ್ನೂ 10,000. ರೆಡ್ ಚಾನೆಲ್‌ಗೆ ಹೋಗಿದ್ದರೂ ಸುಂಕ ತಪ್ಪುತ್ತಿರಲಿಲ್ಲ, ಆದರೆ ಅದೇ ರಾತ್ರಿ ಸರದೊಂದಿಗೆ ಮನೆಗೆ ಹೋಗುತ್ತಿದ್ದೆ. ಈಗ ನಾಲ್ಕೂವರೆ ತಿಂಗಳು ಬೇಕಾಯಿತು. ಆದೇಶ ಕೈಗೆ ಬಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು ಎಂದರು ವಕೀಲರು. ನನಗೆ ತ್ರಾಣ ಇರಲಿಲ್ಲ.

ಹೋಗುವವರಿಗೆ ಹೇಳುವುದು ಇಷ್ಟೇ. ಹಳೆಯ ಒಡವೆ ಹಾಕಿಕೊಂಡು ಹೋಗುವುದಾದರೆ ಹೊರಡುವ ದಿನವೇ ನಿಲ್ದಾಣದ ಕಸ್ಟಮ್ಸ್‌ನವರಿಗೆ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಚಿನ್ನದ ತೂಕ, ಬೆಲೆಯ ಚೀಟಿ, ಫೋಟೋ ಜೊತೆಗಿರಲಿ, ಒಂದೆರಡು ಗಂಟೆ ಬೇಗ ಹೋಗಿ. ನಾಣ್ಯ, ಬಿಸ್ಕತ್ತು ಆಭರಣದ ಲೆಕ್ಕಕ್ಕೆ ಬರುವುದಿಲ್ಲ. ಸುಂಕ ಕಟ್ಟಲು ಮನಸ್ಸಿಲ್ಲದಿದ್ದರೆ, ಸತ್ಯ ಹೇಳಿ ಘೋಷಿಸಿದ ವಸ್ತುವನ್ನು ಅಲ್ಲೇ ಇಟ್ಟು ಮತ್ತೆ ದೇಶ ಬಿಡುವಾಗ ವಾಪಸು ಪಡೆಯಲು ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಅಳಿಯಂದಿರು ಕಳಿಸುವ ದೊಡ್ಡ ಟಿವಿಗೆ 2013ರ ಆಗಸ್ಟ್‌ನಿಂದಲೇ ರಿಯಾಯಿತಿ ಇಲ್ಲ. ಟಿವಿ ತರಲು ನಾನು ಒಪ್ಪಿರಲಿಲ್ಲ, ಆ ಒಂದು ಬುದ್ಧಿಯಾದರೂ ಇತ್ತು.

ಮದುವೆಯ ದಿನ ಸೊಸೆಗೆ ನನ್ನ ಹಳೆಯ ಅವಲಕ್ಕಿ ಸರ ಹಾಕಿದೆವು. ಬೀಗಿತ್ತಿ ಎರಡು ಸಲ "ದುಬೈಯದ್ದು ಚೆನ್ನಾಗಿದೆ" ಎಂದರು. ನಾನು ಹೂಂ ಎಂದೆ. ಇನ್ನೊಂದು ಸುಳ್ಳು, ಇದಕ್ಕೆ ದಂಡ ಬೀಳಲಿಲ್ಲ.

ದೀಪಾವಳಿಗೆ ಭಾವ ಬಂದರು. ಊಟಕ್ಕೆ ಕೂತಾಗ ಸರವನ್ನು ತರಿಸಿ ಅಂಗೈಯಲ್ಲಿಟ್ಟು ತೂಗಿ ನೋಡಿ, ಒಟ್ಟು ಎಷ್ಟು ಬಿತ್ತು ಎಂದು ಕೇಳಿದರು. ಹೇಳಿದೆ.

"ಅಷ್ಟಕ್ಕೆ ಇಲ್ಲೇ ಪೇಟೆಯಲ್ಲಿ ಕೊಳ್ಳಬಹುದಿತ್ತಲ್ಲ? ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತಾ?" ಎಂದರು.

ಅವರ ಎಲೆಗೆ ಎರಡು ಹೋಳಿಗೆ ಬಡಿಸಿದೆ. ತುಪ್ಪದ ಗಿಂಡಿಯನ್ನು ಒಳಗೇ ಬಿಟ್ಟು ಬಂದಿದ್ದೆ. ತರಲು ಹೋಗಲಿಲ್ಲ.