ಚಕ್ರದ ಮೇಲೋ, ಶೆಡ್ಡಿನ ಕೆಳಗೋ? ಕರಾವಳಿಯಲ್ಲಿ ಕಾರ್ ಡಿಟೇಲಿಂಗ್

ಕುಂದಾಪುರದಿಂದ ಬೈಂದೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಮರವಂತೆಯಲ್ಲಿ ಅರಬ್ಬಿ ಸಮುದ್ರಕ್ಕೂ ಸೌಪರ್ಣಿಕಾ ನದಿಗೂ ನಡುವೆ ಹಾದುಹೋಗುತ್ತದೆ. ಪ್ರವಾಸಿಗರಿಗೆ ಅದು ಫೋಟೊ ತೆಗೆಯುವ ಜಾಗ, ಕಾರಿನ ತಗಡಿಗೆ ಉಪ್ಪಿನ ಸ್ನಾನ. ಉಪ್ಪುಗಾಳಿಯ ಜತೆಗೆ ಮುರಕಲ್ಲಿನ ಕೆಂಪು ಧೂಳು, ಮಾವು-ಗೇರಿನ ಸೊನೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಕೆಎ-20 ಬೋರ್ಡಿನ ಕಾರುಗಳ ಪಾಡು ಇದು.

ವಾಟರ್ ಸರ್ವಿಸಿನವರು ಕೆಸರು ತೊಳೆದು ಅರ್ಧ ಗಂಟೆಯಲ್ಲಿ ಗಾಡಿ ಕಳಿಸಿಬಿಡುತ್ತಾರೆ. ಡಿಟೇಲಿಂಗ್‌ನವರು ಅದೇ ಗಾಡಿಯ ಮೇಲೆ ಅರ್ಧ ದಿನ, ಕೆಲವೊಮ್ಮೆ ಎರಡು ದಿನ ಕೂರುತ್ತಾರೆ. ಬಣ್ಣಕ್ಕೆ ಕಚ್ಚಿಕೊಂಡ ಕಬ್ಬಿಣದ ಕಣ ತೆಗೆಯುವುದು, ಗೀರು ಪಾಲಿಶ್ ಮಾಡುವುದು, ಮ್ಯಾಟ್ ಎತ್ತಿ ಒಳಗಿನ ಮೂಲೆಮೂಲೆ ತಿಕ್ಕುವುದು, ಕೊನೆಗೆ ವ್ಯಾಕ್ಸ್ ಅಥವಾ ಸೆರಾಮಿಕ್ ಕೋಟಿಂಗ್. ಈ ಕೆಲಸಕ್ಕೆ ಇಳಿಯುವವರ ಮೊದಲ ಪ್ರಶ್ನೆ, ವ್ಯಾನ್ ಇಟ್ಟುಕೊಂಡು ಮನೆಮನೆಗೆ ಹೋಗುವುದೋ, ಅಂಗಡಿ ಹಾಕುವುದೋ ಎಂಬುದು. ಬಂಡವಾಳ ಎಷ್ಟಿದೆ ಎಂದು ನೋಡುವ ಮೊದಲು ಬಾವಿಯನ್ನೂ ಮಳೆಗಾಲವನ್ನೂ ನೋಡಿ ಇದಕ್ಕೆ ಉತ್ತರ ಹುಡುಕಬೇಕು.

ಮೊದಲು ನೀರು

ಮುರಕಲ್ಲಿನ ನೆಲದ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದಂಶವಿರುತ್ತದೆ. ಕಡಲಂಚಿನ ಬಾವಿಗಳು ಏಪ್ರಿಲ್-ಮೇ ಬಂತೆಂದರೆ ಉಪ್ಪಾಗುವುದುಂಟು. ಇಂಥ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟ ಕಪ್ಪು ಕಾರಿನ ಮೇಲೆ ಒಂದೊಂದು ಹನಿಯೂ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಗಿರಾಕಿ ಬೈಯುವುದು ಶಾಂಪೂವನ್ನು, ತಪ್ಪು ಬಾವಿಯದ್ದು.

ಪರೀಕ್ಷೆ ಸುಲಭ. ಬಿಳಿ ಬಕೆಟ್‌ನಲ್ಲಿ ನೀರು ತುಂಬಿ ರಾತ್ರಿಯಿಡೀ ಇಟ್ಟು ನೋಡಬೇಕು. ಬೆಳಿಗ್ಗೆ ತಳದಲ್ಲಿ ಕಂದು ಪುಡಿ ಕೂತಿದ್ದರೆ ಕಬ್ಬಿಣ ಇದೆ ಎಂದೇ ಲೆಕ್ಕ. ಉಪ್ಪು, ಸುಣ್ಣದ ಅಂಶಕ್ಕೆ ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಸಾಕು. ಕೊನೆಯ ಸಲ ಹಾಯಿಸುವ ನೀರನ್ನಾದರೂ ಫಿಲ್ಟರ್ ಮಾಡಬೇಕು. ಅದಾಗದಿದ್ದರೆ ನೆರಳಿನಲ್ಲೇ ತೊಳೆದು, ಹನಿ ಒಣಗುವ ಮೊದಲೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬೇಕು.

ನೀರನ್ನು ಲೆಕ್ಕವಿಟ್ಟು ಬಳಸುವ ಅಭ್ಯಾಸವೂ ಮೊದಲಿನಿಂದಲೇ ಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಇಷ್ಟೊಂದು ಮಳೆ ಸುರಿಯುವ ಕರಾವಳಿಯಲ್ಲೂ ಮೇ ತಿಂಗಳಲ್ಲಿ ಟ್ಯಾಂಕರ್ ಓಡಾಡುತ್ತದೆ.

ವ್ಯಾನಿನ ಲೆಕ್ಕ

ಕಡಿಮೆ ಖರ್ಚಿನಲ್ಲಿ ಶುರುಮಾಡಲು ಮೊಬೈಲ್ ವ್ಯವಸ್ಥೆಯೇ ಸರಿ. ಹಳೆಯ ಓಮ್ನಿ ಅಥವಾ ಈಕೋ, ಪ್ರೆಷರ್ ವಾಷರ್, ಒದ್ದೆ ಹೀರುವ ವ್ಯಾಕ್ಯೂಮ್, ಡ್ಯುಯಲ್ ಆ್ಯಕ್ಷನ್ ಪಾಲಿಶರ್, ಎರಡು ಬಕೆಟ್, ಉದ್ದದ ವೈರು. ನೀರಿನ ಟ್ಯಾಂಕ್ ಕೂರಿಸುವವರು ತೂಕ ಮರೆಯಬಾರದು. 500 ಲೀಟರ್ ನೀರು ಎಂದರೆ 500 ಕಿಲೋ, ಇದು ಓಮ್ನಿಯ ಕೆಲಸವಲ್ಲ. ಊರ ಕಡೆಯ ಮನೆಗಳಲ್ಲಿ ಬಾವಿ, ಪಂಪು, ಕರೆಂಟು ಇರುವುದರಿಂದ ಕೇಳಿ ಬಳಸುವುದೇ ಜಾಣತನ. ಅದನ್ನು ಫೋನಿನಲ್ಲೇ ಹೇಳಿಕೊಂಡಿರಬೇಕು.

ವ್ಯಾನಿನವರ ನಿಜವಾದ ಖರ್ಚು ರಸ್ತೆ. ಬ್ರಹ್ಮಾವರದಿಂದ ಬೈಂದೂರಿಗೆ 50 ಕಿ.ಮೀ.ಗೂ ಹೆಚ್ಚು, ನಡುವೆ ಸಾಸ್ತಾನದ ಟೋಲ್. ಬೈಂದೂರು ದಾಟಿದರೆ ಶಿರೂರಿನಲ್ಲಿ ಇನ್ನೊಂದು. ಒಂದೇ ಕಾರಿಗಾಗಿ ಹೀಗೆ ಹೋಗಿಬಂದರೆ ಪೆಟ್ರೋಲ್, ಟೋಲ್, ಎರಡು ಮೂರು ಗಂಟೆ ಎಲ್ಲವೂ ಕೈಯಿಂದ. ಆದ್ದರಿಂದ ವಾರವನ್ನು ಊರುಗಳಿಗೆ ಹಂಚಬೇಕು. ಒಂದು ದಿನ ಉಪ್ಪುಂದ-ಬೈಂದೂರು, ಇನ್ನೊಂದು ದಿನ ತೆಕ್ಕಟ್ಟೆ-ಕೋಟ-ಸಾಲಿಗ್ರಾಮ, ಮತ್ತೊಂದು ದಿನ ಬ್ರಹ್ಮಾವರದ ಸುತ್ತು. ಒಂದೇ ದಿಕ್ಕಿನ ಎರಡು ಕಾರಾದರೂ ಸಿಗದಿದ್ದರೆ ದಿನ ಮುಂದೂಡುವುದೇ ಲೇಸು.

ಬೆಂಗಳೂರಿನಲ್ಲಿ ಹೋಟೆಲ್ ನಡೆಸುವವರು, ಗಲ್ಫ್‌ನಲ್ಲಿ ಇರುವವರು ಊರ ಮನೆಯಲ್ಲಿ ಬಿಟ್ಟುಹೋದ ಕಾರುಗಳು ವ್ಯಾನಿಗೆ ಒಳ್ಳೆಯ ಗಿರಾಕಿ. ತಿಂಗಳಿಗೊಮ್ಮೆ ಹೋಗಿ ತೊಳೆದು, ಒಳಗೆ ಗಾಳಿಯಾಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವ ಒಪ್ಪಂದ ಮಾಡಿಕೊಂಡರೆ ಎರಡೂ ಕಡೆ ಅನುಕೂಲ.

ಆದರೆ ಅಂಗಳದಲ್ಲಿ ಎಲ್ಲ ಕೆಲಸವೂ ಆಗದು. ಬಿಸಿಲಿನಲ್ಲಿ ಕಾಂಪೌಂಡ್ ಒಣಗಿ ಬಣ್ಣದ ಮೇಲೆ ಕಲೆ ಉಳಿಯುತ್ತದೆ. ಸೆರಾಮಿಕ್ ಹಚ್ಚಿದ ಮೊದಲ ದಿನ ನೀರು, ಧೂಳು ಎರಡೂ ಸೋಕಬಾರದು. ಪೋರ್ಚ್‌ನಲ್ಲಿ ಕೋಟಿಂಗ್ ಮಾಡಿಕೊಡುತ್ತೇವೆ ಎನ್ನುವವರ ಮಾತು ನಂಬುವಂಥದ್ದಲ್ಲ.

ಮಳೆಗಾಲವೇ ಸೀಸನ್

ಆಸಾಡಿ ಮಳೆಗೆ ಯಾರು ಕಾರು ತೊಳೆಸುತ್ತಾರೆ ಎಂದು ಕೈಕಟ್ಟಿ ಕೂರುವವರು ಒಳಗಿನ ಕೆಲಸ ಮರೆತಿರುತ್ತಾರೆ. ವಾರಗಟ್ಟಲೆ ಮುಚ್ಚಿಟ್ಟ ಕಾರಿನ ಸ್ಟೀರಿಂಗ್, ಸೀಟ್‌ಬೆಲ್ಟ್, ಛಾವಣಿಯ ಬಟ್ಟೆಯ ಮೇಲೆ ಬೂಷ್ಟು ಏಳುವುದು ಆಗಲೇ. ಬೂಷ್ಟನ್ನು ಒಣಬಟ್ಟೆಯಲ್ಲಿ ಕೊಡವಿದರೆ ಕಾರಿನ ತುಂಬ ಹರಡುತ್ತದೆ. ಮಾಸ್ಕ್ ಹಾಕಿ, ಬಾಗಿಲು ತೆರೆದು, ಮೊದಲು ವ್ಯಾಕ್ಯೂಮ್, ಆಮೇಲೆ ಬೂಷ್ಟು ಕೊಲ್ಲುವ ದ್ರಾವಣದಲ್ಲಿ ಒರೆಸುವುದು, ಎ.ಸಿ. ಫಿಲ್ಟರ್ ಬದಲಿಸುವುದು, ಕೊನೆಗೆ ಫ್ಯಾನ್ ಇಟ್ಟು ಪೂರ್ತಿ ಒಣಗಿಸುವುದು. ಒಣಗಿಸುವ ಹಂತ ಬಿಟ್ಟರೆ ಹತ್ತು ದಿನದಲ್ಲಿ ಮತ್ತೆ ಅದೇ ಕಥೆ.

ಗಂಗೊಳ್ಳಿಯಿಂದ ಡಿಕ್ಕಿಯಲ್ಲಿ ಮೀನು ತಂದ ಕಾರಿನದು ಇನ್ನೊಂದು ಬಗೆ. ಐಸ್ ಕರಗಿದ ನೀರು ಮ್ಯಾಟಿನಡಿಯ ಫೆಲ್ಟ್‌ಗೆ ಇಳಿದರೆ ಪರ್ಫ್ಯೂಮ್ ಹೊಡೆದು ಪ್ರಯೋಜನವಿಲ್ಲ, ಮೀನಿನ ಜತೆ ಮಲ್ಲಿಗೆಯೂ ನಾರುತ್ತದೆ. ಸ್ಟೆಪ್ನಿ ತೆಗೆದು, ಫೆಲ್ಟ್ ಹೊರಗೆಳೆದು, ಎನ್‌ಜೈಮ್ ಕ್ಲೀನರ್‌ನಲ್ಲಿ ನೆನೆಸಿ ತೊಳೆಯಬೇಕು. ಮೀನಿನ ನೀರಿನಲ್ಲಿ ಉಪ್ಪಿರುವುದರಿಂದ ಕೆಳಗಿನ ತಗಡಿನಲ್ಲಿ ತುಕ್ಕು ಎದ್ದಿದೆಯೇ ಎಂದು ಬೆರಳಾಡಿಸಿ ನೋಡಿ ಗಿರಾಕಿಗೂ ತೋರಿಸಬೇಕು. ತುಕ್ಕು ಹಿಡಿಯದಿರಲಿ ಎಂದು ಅಡಿಗೆ ಡೀಸೆಲ್, ಸುಟ್ಟ ಆಯಿಲ್ ಹೊಡೆಸುವ ರೂಢಿ ಇದೆ. ಅದು ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ. ಬದಲಿಗೆ ಅಂಡರ್‌ಬಾಡಿ ಕೋಟಿಂಗ್ ಮಾಡಬಹುದು, ಆದರೆ ತೊಳೆದು ಒಣಗಿಸಿದ ಮೇಲೆ ಮಾತ್ರ.

ಇದಕ್ಕೆಲ್ಲ ಸೂರು ಬೇಕು. ಹಾಗಾಗಿ ಅಕ್ಟೋಬರ್‌ನಲ್ಲಿ ವ್ಯಾನಿನಿಂದ ಶುರುಮಾಡಿ, ಗಿರಾಕಿಗಳನ್ನು ಕಟ್ಟಿಕೊಂಡು, ಮುಂದಿನ ಮೇ ಮುಗಿಯುವುದರೊಳಗೆ ಒಂದು ಶೆಡ್ ಹಿಡಿಯುವುದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮಟ್ಟಿಗೆ ಹೊಂದುವ ದಾರಿ.

ಶೆಡ್ ಹಿಡಿಯುವಾಗ

ಹೆದ್ದಾರಿ ಬದಿಯೇ ಬೇಕೆಂದಿಲ್ಲ. ಧೂಳು, ಬಾಡಿಗೆ ಎರಡೂ ಅಲ್ಲೇ ಹೆಚ್ಚು. ಒಳರಸ್ತೆಯ, ಎರಡು ಕಾರು ನಿಲ್ಲುವ, ಕಾಂಕ್ರೀಟ್ ನೆಲದ, ಮೂರು ಕಡೆ ಗೋಡೆಯಿರುವ ಜಾಗ ಸಾಕು. ತೊಳೆಯುವ ಜಾಗವೂ ಪಾಲಿಶ್ ಮಾಡುವ ಜಾಗವೂ ಬೇರೆಯಿರಬೇಕು. ಆಯಿಲ್ ಬೆರೆತ ನೀರು ಪಕ್ಕದ ಮನೆಯ ಬಾವಿಗಿಳಿದರೆ ವ್ಯಾಪಾರವೂ ನೆರೆಹೊರೆಯೂ ಒಟ್ಟಿಗೆ ಹೋಗುತ್ತದೆ. ಆಯಿಲ್ ತಡೆದು ಕೆಸರು ಕೂರುವ ಗುಂಡಿ ಮೊದಲೇ ಕಟ್ಟಿಸಬೇಕು. ವ್ಯಾಪಾರ ಪರವಾನಗಿಯನ್ನು ಕುಂದಾಪುರದಲ್ಲಿ ಪುರಸಭೆ, ಬೈಂದೂರು, ಸಾಲಿಗ್ರಾಮಗಳಲ್ಲಿ ಪಟ್ಟಣ ಪಂಚಾಯತ್, ಹಳ್ಳಿಗಳಲ್ಲಿ ಗ್ರಾಮ ಪಂಚಾಯತ್ ಕೊಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯ ವಿಷಯವನ್ನೂ ಆಗಲೇ ವಿಚಾರಿಸಿಕೊಳ್ಳಬೇಕು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ.

ದುಡ್ಡಿಗೆ ಮುದ್ರಾ ಸಾಲವಿದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್‌ನಲ್ಲಿ 5 ಲಕ್ಷದವರೆಗೆ. ಬ್ರಹ್ಮಾವರದಲ್ಲೇ ರುಡ್‌ಸೆಟ್ ಸಂಸ್ಥೆ ಇದೆ. ಸ್ವಉದ್ಯೋಗದ ಉಚಿತ ತರಬೇತಿಗೆ ಹೆಸರಾದ ಈ ಸಂಸ್ಥೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ್ದು. ಬ್ಯಾಂಕಿಗೆ ಹೋಗುವ ಮೊದಲು ಅಲ್ಲಿ ಹೋಗಿ ವಿಚಾರಿಸುವುದು ಒಳ್ಳೆಯದು.

ದರ ಮತ್ತು ಮಾತು

“ಎಷ್ಟ್ ಆತ್ತ್ ಮಾರಾಯ್ರೆ?” ಎಂಬ ಪ್ರಶ್ನೆಗೆ ಕಾರು ನೋಡದೆ ಉತ್ತರ ಕೊಡಬಾರದು. ಕಾರಿನ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ದಪ್ಪ. ಪ್ರತಿ ಕಾಂಪೌಂಡಿಂಗ್‌ನಲ್ಲೂ ಅದು ಸವೆಯುತ್ತದೆ. ಹಿಂದೆ ಪಾಲಿಶ್ ಆಗಿದೆಯೇ, ಎಲ್ಲಾದರೂ ಟಚಪ್ ಆಗಿದೆಯೇ ಎಂದು ಕೇಳಿ, ಸುತ್ತಲೂ ವಿಡಿಯೊ ತೆಗೆದು, ಇದ್ದ ಗೀರುಗಳನ್ನು ಬರೆದಿಟ್ಟು ಸಹಿ ಹಾಕಿಸಿಕೊಳ್ಳಬೇಕು.

ಆನೆಗುಡ್ಡೆ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಬಂದ ಹೊಸ ಕಾರಿನ ಬಾನೆಟ್ ಮೇಲಿನ ಕುಂಕುಮವನ್ನು ಒಣಬಟ್ಟೆಯಲ್ಲಿ ತಿಕ್ಕದೆ, ನೀರು ಹಾಯಿಸಿ ಇಳಿಸಬೇಕು. ಆಯುಧ ಪೂಜೆಯ ಹಿಂದಿನ ವಾರ ಎಲ್ಲರಿಗೂ ಒಂದೇ ದಿನ ಬೇಕು. ಆ ವಾರಕ್ಕೆ ಮುಂಗಡ ಪಡೆದೇ ಬುಕಿಂಗ್ ಬರೆದುಕೊಳ್ಳಬೇಕು. ಎರಡು ದಿನ ಶೆಡ್ ಹಿಡಿದಿಡುವ ಕೋಟಿಂಗ್ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಒಪ್ಪಿಕೊಂಡರೆ ಆಯಿತು.