ಮೂಗು ಸೋರಿದರೆಲ್ಲ ಅಲರ್ಜಿ ಅಲ್ಲ

ಜೋಳದ ರಾಶಿ ಶುರುವಾದರೆ ನಮ್ಮ ಕಡೆ ಅರ್ಧ ಊರು ಮೂಗು ಒರೆಸಿಕೊಳ್ಳುತ್ತದೆ. ಕೇಳಿದರೆ ‘ಅಲರ್ಜಿ ಆಗೇತಿ’ ಅಂತಾರೆ. ಧೂಳು, ಸುಂಕಿನಿಂದ ಕೆಲವರಿಗೆ ಅಲರ್ಜಿ ಆಗುವುದು ಖರೆ. ಆದರೆ ಅಲರ್ಜಿ ಇಲ್ಲದೆಯೂ ಮೂಗಿನ ಒಳಪೊರೆ ಊದಿ ಮೂಗು ಕಟ್ಟುತ್ತದೆ, ಸೋರುತ್ತದೆ. ನನ್ನದು ಇದೇ ಜಾತಿ. ಡಾಕ್ಟರು ಚರ್ಮದ ಪರೀಕ್ಷೆ ಮಾಡಿಸಿದಾಗ ಯಾವ ಅಲರ್ಜಿಯೂ ಕಾಣಲಿಲ್ಲ.

ಗುರುತು ಹೇಗೆ? ಅಲರ್ಜಿಯಾದರೆ ಕಣ್ಣು, ಮೂಗು ತುರಿಸುತ್ತವೆ, ಮೇಲಿಂದ ಮೇಲೆ ಸೀನು ಬರುತ್ತವೆ. ಹೆಚ್ಚಾಗಿ ಸಣ್ಣ ವಯಸ್ಸಿನಲ್ಲೇ ಶುರುವಾಗುತ್ತದೆ. ಇದರಲ್ಲಿ ತುರಿಕೆ ಕಡಿಮೆ, ಬರುವುದೂ ಹೆಚ್ಚಾಗಿ ಇಪ್ಪತ್ತು ದಾಟಿದ ಮೇಲೆ. ಒಲೆಯ ಹೊಗೆ, ಔಷಧಿ ಹೊಡೆಯುವಾಗಿನ ವಾಸನೆ, ನಸುಕಿನ ಥಂಡಿ ಗಾಳಿ, ಖಾರದ ಊಟ ಇವೇ ಕಾರಣ. ಬಿಪಿಯ ಕೆಲವು ಗುಳಿಗೆಗಳಿಂದಲೂ ಮೂಗು ಕಟ್ಟುತ್ತದೆ. ಹಾಗಂತ ಗುಳಿಗೆ ನೀವೇ ಬಿಡಬೇಡಿ, ಡಾಕ್ಟರಿಗೆ ಹೇಳಿ.

ಅಲರ್ಜಿಯ ಗುಳಿಗೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಕೆಲವು ಗುಳಿಗೆಗಳಿಂದ ನಿದ್ದೆ ಬರುತ್ತದೆ. ರಾಶಿ ಮಷಿನ್ ಮುಂದೆ ತೂಕಡಿಸಿದರೆ ಕೈಯೇ ಹೋದೀತು.

ದೊಡ್ಡ ತೊಂದರೆ ಮೂಗಿನ ಹನಿಯದು. ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳು ಊದಿದ ರಕ್ತನಾಳ ಕುಗ್ಗಿಸಿ ಐದೇ ನಿಮಿಷದಲ್ಲಿ ಮೂಗು ಬಿಡಿಸುತ್ತವೆ. ಆದರೆ ದಿನಾ ಹಾಕುತ್ತ ಹೋದರೆ ಹನಿಯ ಜೋರು ಇಳಿದ ಕೂಡಲೇ ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು. ನಮ್ಮ ಓಣಿಯ ಹಿರಿಯರೊಬ್ಬರು ಎರಡು ವರ್ಷ ಬಾಟ್ಲಿ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದರು. ಹನಿ ಇಲ್ಲದೆ ಅವರಿಗೆ ರಾತ್ರಿ ನಿದ್ದೆ ಇರಲಿಲ್ಲ. ಡಾಕ್ಟರು ಅದನ್ನು ಬಿಡಿಸಿ ಬೇರೆ ಸ್ಪ್ರೇ ಕೊಟ್ಟರು. ಕೆಲವು ವಾರ ತ್ರಾಸಾಯಿತು, ಆಮೇಲೆ ಸರಿಹೋಯಿತು. ಈ ಹನಿ ಮೂರು ದಿನ, ಹೆಚ್ಚೆಂದರೆ ಐದು ದಿನ. ಬಿಪಿ ಇದ್ದವರು ಕೇಳದೆ ಹಾಕಲೇಬಾರದು.

ಮನೆಯಲ್ಲಿ ಮಾಡಬಹುದಾದದ್ದು ಉಪ್ಪುನೀರು. ಕಾಲು ಲೀಟರ್ ನೀರನ್ನು ಐದು ನಿಮಿಷ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಅರ್ಧ ಚಹಾ ಚಮಚ ಉಪ್ಪು ಕರಗಿಸಿ. ತಲೆ ಓರೆ ಮಾಡಿ ಒಂದು ಹೊಳ್ಳೆಗೆ ಹನಿಸಿ ಇನ್ನೊಂದರಿಂದ ಹೊರಬಿಡಿ. ಕೆರೆ, ಬೋರಿನ ಹಸಿನೀರು ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಜಾತಿಯ ಅಮೀಬಾ ಮೂಗಿನಿಂದ ಮಿದುಳಿಗೆ ಏರಿದರೆ ಜೀವಕ್ಕೇ ಅಪಾಯ.

ರಾಶಿ ಮಾಡುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಧೂಳಿನ ಮಾಸ್ಕ್ ಹಾಕಿ. ಔಷಧಿ ಹೊಡೆಯಲು ಟವೆಲ್ ಸಾಲದು, ಅದಕ್ಕೆ ಬೇರೆ ಮಾಸ್ಕೇ ಬೇಕು.

ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ, ರಕ್ತ ಬಂದರೆ, ವಾಸನೆ ತಿಳಿಯದಾದರೆ ತಡಮಾಡದೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ.